ಐತವಾರದ ಉಪ್ಪು

ನೀರು ಸೋಸುವ ಅರಿವೆಯನ್ನು ಎರಡು ಪದರು ಮಾಡಿ ಹಂಡೆಯ ಬಾಯಿಗೆ ಹಾಸಿ, ಕಮಲಾಬಾಯಿ ಕೊಡ ಬಗ್ಗಿಸಿದರು. ನೀರು ಅವಸರವಿಲ್ಲದೆ ಇಳಿಯತೊಡಗಿತು. ಗೋಡೆಯಾಚೆ ರಬಕವಿಯ ಮಗ್ಗಗಳು ಬೆಳಗಿನಿಂದ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು.

“ನಿಂತಽ ಮಾತಾಡೋರೋ, ಕುಂತು ಮಾತಾಡೋರೋ?” ಅವರು ತಿರುಗಿ ನೋಡದೆ ಕೇಳಿದರು.

ಪಿಎಸ್‌ಐ ಪ್ರಾಜಕ್ತಾ ಕಟ್ಟೆಯ ಮೇಲೆ ಕುಳಿತಳು. ಹೆಡ್ ಕಾನ್‌ಸ್ಟೇಬಲ್ ಜಕ್ಕಪ್ಪ ಕಂಬಕ್ಕೆ ಒರಗಿ ನಿಂತ.

“ನಾಳೆ ಜಮಖಂಡಿ ಕೋರ್ಟಿಗೆ ಚಾರ್ಜ್‌ಶೀಟ್ ಹೋಗ್ತದ್ರಿ ಬಾಯಾರ. ಹೋಗೂದರೊಳಗ ಇನ್ನೊಮ್ಮೆ ಮನಿ ನೋಡೋಣಂತ ಬಂದೆ.”

“ನೋಡ್ರಿ. ಮನಿ ಎಲ್ಲಿ ಓಡಿ ಹೋಗತೈತಿ.”

ಈ ಮನೆಯ ಯಜಮಾನ, ಸೀರೆ ವ್ಯಾಪಾರಿ ಆದಪ್ಪ, ಮೈ ನೀಲಿಯಾಗಿ ತೀರಿಕೊಂಡಿದ್ದರು. ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಇವರದೇ ಬಣ್ಣದ ಮನೆಯಲ್ಲಿ ಬಳಸುವ ನೈಟ್ರೈಟ್ ಎಂಬ ವಿಷದ ಪುಡಿ ಸಿಕ್ಕಿತ್ತು. ಆ ಬಣ್ಣದ ಮನೆಯಿಂದ ಉಪ್ಪು ತಂದುಕೊಟ್ಟ ಕೆಲಸದ ಹೆಂಗಸು ಅನಸವ್ವ ಜೈಲಿನಲ್ಲಿದ್ದಳು. ನೂಲಿಗೆ ಬಣ್ಣ ಹಿಡಿಸಲು ಅಲ್ಲಿ ಉಪ್ಪೂ ಬೇಕು, ನೈಟ್ರೈಟೂ ಬೇಕು. ಎರಡೂ ಬೆಳ್ಳಗೆ, ಎರಡೂ ಚೀಲದಲ್ಲಿ. ಅಳತೆ ಬಟ್ಟಲು ಒಂದು ಚೀಲದ ಬದಲು ಇನ್ನೊಂದಕ್ಕೆ ಹೋಯಿತು ಎಂದು ಪ್ರಾಜಕ್ತಾ ತಾನೇ ಬರೆದಿದ್ದಳು.

ಬರೆದದ್ದು ಸರಿ ಅನ್ನಿಸದೆ ಅವಳಿಗೆ ನಿದ್ದೆ ಬಂದಿರಲಿಲ್ಲ.

ಹಂಡೆ ತುಂಬಿತು. ಕಮಲಾಬಾಯಿ ಅರಿವೆಯನ್ನು ಹುಷಾರಾಗಿ ಎತ್ತಿ, ಬೋರಲು ಮಾಡಿ, ಬಾವಿಯ ಬಕೀಟಿನ ಮೇಲೆ ಹಿಡಿದು ಮೆಲ್ಲಗೆ ನೀರು ಹನಿಸಿದರು. ಅರಿವೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ಬಂದ ನೀರಿಗೇ ಮರಳಬೇಕು. ಇಷ್ಟು ನೋಡಿ ನಡೆಯುವ ಮನೆಯಲ್ಲಿ ಒಂದು ಜೀವ ಹೋಗಿತ್ತು.

“ಊಟದ ಹೊತ್ತಾತು. ಉಂಡು ಹೋಗ್ರಿ,” ಎಂದರು.

“ಆಗಲ್ರಿ ಅವ್ವಾರ!” ಜಕ್ಕಪ್ಪ ಕಂಬ ಬಿಟ್ಟು ಮುಂದೆ ಬಂದ. “ಬಿಸಿ ಅನ್ನ, ಬ್ಯಾಳಿ, ಮ್ಯಾಲೊಂದು ಚಮಚ ತುಪ್ಪ…”

“ತುಪ್ಪ ಇವತ್ತ ನಮ್ಮ ಅಡಗಿಯಾಗ ಇಲ್ಲಪಾ. ಬುಧವಾರ. ಸೊಸಿ ಭಾಗ್ಯಾನ ಕಡೆ ಐತಿ, ನೀಡತಾಳ.”

“ಬುಧವಾರ ಆದ್ರ ಏನ್ರಿ?”

“ನಾವು ಜೈನರು ವಾರದಾಗ ದಿನಕ್ಕೊಂದು ರಸ ಬಿಡತೀವಿ. ನೇಮ ಹಿಡದವರು. ಬುಧವಾರ ತುಪ್ಪ, ಶನಿವಾರ ಎಣ್ಣಿ, ಐತವಾರ…”

ಕಮಲಾಬಾಯಿ ಅಲ್ಲಿಗೇ ನಿಂತರು. ಕೈಯಲ್ಲಿದ್ದ ಅರಿವೆಯನ್ನು ಹಿಂಡತೊಡಗಿದರು. ಅದರಲ್ಲಿ ಹಿಂಡಲು ನೀರು ಉಳಿದಿರಲಿಲ್ಲ.

“ಐತವಾರ ಏನ್ರಿ ಬಾಯಾರ?” ಪ್ರಾಜಕ್ತಾ ಕೇಳಿದಳು.

“ಐತವಾರ ಉಪ್ಪು.”

ಜಕ್ಕಪ್ಪ ನಕ್ಕ. “ನಮ್ಮ ಮನಿಯಾಗ ನಾ ಬಿಡೂದಽ ಬ್ಯಾಡ್ರಿ, ನನ್ನ ಹೇಣ್ತಿನಽ ದಿನಾ ಹಾಕೂದು ಮರೀತಾಳ.”

ಪ್ರಾಜಕ್ತಾ ನಗಲಿಲ್ಲ. ಆದಪ್ಪ ಸತ್ತದ್ದು ಐತವಾರ ಸಂಜೆ. ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕುಳಿತು, ಅರ್ಧಕ್ಕೆ ಎದ್ದು, ಜಮಖಂಡಿ ಆಸ್ಪತ್ರೆ ಮುಟ್ಟಿದ ಮೇಲೆ ಉಸಿರು ಬಿಟ್ಟಿದ್ದರು.

“ಯಜಮಾನರೂ ಬಿಡತಿದ್ರೇನ್ರಿ, ಐತವಾರದ ಉಪ್ಪು?”

ಕಮಲಾಬಾಯಿ ಬಾಯಿ ತೆರೆದರು. ಅಷ್ಟರಲ್ಲಿ ತಲೆಬಾಗಿಲಲ್ಲಿ ಚಪ್ಪಲಿ ಸಪ್ಪಳವಾಯಿತು. ಆದಪ್ಪನ ತಮ್ಮ ಧರ್ಮರಾಜ. ಬನಹಟ್ಟಿಯಲ್ಲಿರುವ ಬಣ್ಣದ ಮನೆಯನ್ನು ನೋಡಿಕೊಳ್ಳುವವನು. ಬೆರಳ ಸಂದುಗಳಲ್ಲಿ ಕೆಂಪು, ಹಸಿರು ಎರಡೂ ಬಣ್ಣ ಕೂತುಬಿಟ್ಟಿದ್ದವು.

“ಏನ್ರಿ ಮೇಡಮ್ಮಾರ, ಮತ್ತ ಬಂದ್ರಿ? ಮುಗದಿಲ್ಲೇನು ನಿಮ್ಮದು? ವೈನಿ, ನೀವು ಒಳಗ ನಡೀರಿ. ಬಿಸಿಲಾಗ ನಿಂದ್ರಬ್ಯಾಡ್ರಿ.”

ಕಮಲಾಬಾಯಿ ಒಳಗೆ ಹೋದರು. ಹೋಗುವಾಗ ಅರಿವೆ ಹಗ್ಗದ ಮೇಲೆ ಹಾಕುವುದನ್ನೂ ಮರೆತರು.

*

“ಉಪ್ಪು ಬಿಟ್ಟಾಂವ ಉಪ್ಪಿನಿಂದ ಹ್ಯಾಂಗ ಸತ್ತ?” ಜೀಪು ಜಮಖಂಡಿ ದಾರಿ ಹಿಡಿದಾಗ ಪ್ರಾಜಕ್ತಾ ಕೇಳಿದಳು.

“ಬಾಯಿ ತಪ್ಪಿ ಉಂಡಿರಬೇಕ್ರಿ.” ಕಳೆದುಕೊಂಡ ಊಟದ ಸಂಕಟದಲ್ಲೇ ಜಕ್ಕಪ್ಪ ಗೇರು ಬದಲಿಸಿದ.

“ಐತವಾರ ಸಪ್ಪನ್ನ ಉಣ್ಣೋ ನಾಲಿಗಿ ಅದು. ನೈಟ್ರೈಟ್ ರುಚಿನೂ ಉಪ್ಪೇ. ಮೊದಲನೇ ತುತ್ತಿಗೇ ತಾಟು ಸರಸತಿದ್ರು.”

“ಹಂಗಾರ ಡಾಕ್ಟರು ಬರದಿದ್ದು? ರಕ್ತದಾಗ ಆ ಮೆಥೆ… ಮೆಥೆಮೊ… ಅದು ಸಿಕ್ಕೈತಿ ಅಂತ ಬರದಾರಲ್ರಿ?”

“ಅದನ್ನಽ ಕೇಳಾಕ ಹೊಂಟೇವಿ.”

ಡಾಕ್ಟರ್ ಕೌಸ್ತುಭ ಆಸ್ಪತ್ರೆಯ ರಕ್ತ ಪರೀಕ್ಷೆಯ ವಿಭಾಗ ನೋಡಿಕೊಳ್ಳುತ್ತಿದ್ದ. ಪ್ರಾಜಕ್ತಾಳ ಸಾಲೆಯ ಜೊತೆಗಾರ. ಅವಳು ಕೊಟ್ಟ ರಿಮಾಂಡ್ ಅರ್ಜಿಯ ಪ್ರತಿಯನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“‘ಮೆಥೆಮೊಗ್ಲೋಬಿನ್ ಎಂಬ ವಿಷವು ಉಪ್ಪಿನಲ್ಲಿ ಬೆರೆತಿದ್ದರಿಂದ.’ ಇದನ್ನ ಯಾರು ಬರದ್ರು?”

“ನಾನಽ.”

“ಮೆಥೆಮೊಗ್ಲೋಬಿನ್ ನಿನ್ನ ರಕ್ತದಾಗೂ ಅದ, ಪ್ರಾಜಕ್ತಾ. ನನ್ನ ರಕ್ತದಾಗೂ ಅದ. ನಮಗ ಯಾರು ವಿಷ ಹಾಕಿದ್ರು?”

ಜಕ್ಕಪ್ಪ ಬಾಗಿಲಲ್ಲೇ ನಿಂತು ತನ್ನ ಅಂಗೈ ನೋಡಿಕೊಂಡ.

“ಸರಿಯಾಗಿ ಹೇಳು,” ಎಂದಳು ಪ್ರಾಜಕ್ತಾ.

“ಹಿಮೊಗ್ಲೋಬಿನ್ ಅಂದ್ರ ಮಗ್ಗದ ಲಾಳಿ ಅಂತ ತಿಳಕೋ. ಒಳಗಿನ ಕಬ್ಬಿಣ, ನೂಲು ಹಿಡಿಯೋ ಕೊಕ್ಕಿ. ಪುಪ್ಪುಸದಾಗ ಆಮ್ಲಜನಕ ಹಿಡಕೊಂಡು ಮೈತುಂಬ ಓಡ್ತದ, ಬೇಕಾದಲ್ಲಿ ಬಿಡ್ತದ. ಆ ಕಬ್ಬಿಣದ ಕಡೆಯಿಂದ ಒಂದು ಎಲೆಕ್ಟ್ರಾನ್ ಕಸಕೊಂಡ್ರ ಕೊಕ್ಕಿ ಮಡಚಿ ಹೋಗ್ತದ. ಲಾಳಿ ಓಡ್ತದ, ಮಗ್ಗ ಸಪ್ಪಳ ಮಾಡ್ತದ, ಬಟ್ಟಿ ಮಾತ್ರ ಬೀಳೂದಿಲ್ಲ. ಕೊಕ್ಕಿ ಮಡಚಿದ ಆ ಹಿಮೊಗ್ಲೋಬಿನ್‌ಗೆ ಮೆಥೆಮೊಗ್ಲೋಬಿನ್ ಅಂತಾರ. ದಿನಾ ಎಲ್ಲಾರಲ್ಲೂ ನಾಕಾರು ಕೊಕ್ಕಿ ಮಡಚ್ತಾವ, ಮೈ ತಾನಽ ನೆಟ್ಟಗ ಮಾಡಿಕೊಳ್ತದ. ಆದಪ್ಪನವರ ರಕ್ತದಾಗ ಅರ್ಧಕ್ಕಿಂತ ಹೆಚ್ಚು ಮಡಚಿದ್ವು. ಅವರು ಜೀವಂತ ಇದ್ದಾಗಲೇ ತಗದ ರಕ್ತ ಅದು. ಗಾಳಿಗೆ ಹಿಡದ್ರೂ ಕೆಂಪಾಗಲಿಲ್ಲ, ಕಾಚು ಕಲಸಿದ ನೀರಿನಂಗ ಕಂದಾಗಿನಽ ಉಳೀತು. ಔಷಧ ತರಸೂದರೊಳಗ ಹೋಗಿಬಿಟ್ರು.”

“ಅಂದ್ರ ಅದು ವಿಷದ ಹೆಸರಲ್ಲ.”

“ರಕ್ತಕ್ಕಾದ ಗತಿಯ ಹೆಸರು. ಹಾಲು ಒಡದದ ಅಂತ ನಾ ಬರಕೊಟ್ಟೆ. ನಿಂಬಿಹಣ್ಣು ಹಿಂಡ್ಯಾರ ಅಂತ ನೀ ಓದಿಕೊಂಡಿ.”

ಪ್ರಾಜಕ್ತಾಳ ಕಿವಿ ಬಿಸಿಯಾಯಿತು. ಅವಳೂ ಮನೆಯಲ್ಲಿ ಹಾಲು ಕಾಸುವವಳೇ. ಹಾಲು ಒಡೆಯಲು ನಿಂಬೆಯೇ ಬೇಕಿಲ್ಲ. ಮಜ್ಜಿಗೆ ಸೌಟು ತಾಗಿದರೂ ಆಯಿತು, ಪಾತ್ರೆ ಸರಿಯಾಗಿ ತೊಳೆಯದಿದ್ದರೂ ಆಯಿತು.

“ಮೊದಲಽ ಯಾಕ ಹೇಳಲಿಲ್ಲ?”

“ನಾ ಶಬ್ದ ಬರದುಕೊಟ್ಟೆ. ಅದನ್ನ ನೀವು ಹ್ಯಾಂಗ ಬಳಸಿದ್ರಿ ಅನ್ನೂದನ್ನ ಇವತ್ತು ನೋಡಾಕತ್ತೇನಿ. ಡಬ್ಬಿಯಾಗ ನೈಟ್ರೈಟ್ ಸಿಕ್ತು ಅಂದ್ರಿ. ಅದೂ ಹಾಲು ಒಡಸ್ತದ, ಖರೆ. ಆದ್ರ ಅವರ ಹೊಟ್ಟಿಯೊಳಗ ಇತ್ತೇನು? ಆ ವರದಿ ಬಂದದೇನು?”

“ಇನ್ನೂ ಬಂದಿಲ್ಲ. ಬ್ಯಾರೆ ಯಾವುದರಿಂದ ಆಗ್ತದ?”

“ಕೆಲವು ಗುಳಿಗಿಯಿಂದ. ಆಮ್ಯಾಲೆ ಅನಿಲಿನ್ ಅಂತ ಎಣ್ಣಿಯಂಥ ರಸಾಯನ ಅದ. ಹಿಂದಕ ಸೀರಿ ಅಂಚಿನ ಕರೇ ಬಣ್ಣಕ್ಕ ಬಳಸತಿದ್ರು. ಹಳೇ ಬಣ್ಣದ ಮನಿಯೊಳಗ ಯಾವುದರೆ ಡಬರಿಯಾಗ ಉಳದಿರಬಹುದು. ಅದು ಬಾಯಾಗಿಂದ ಹೋಗಬೇಕಂತಿಲ್ಲ.”

“ಮತ್ತ?”

“ತೊಗಲಿಗೆ ಹತ್ತಿದ್ರ ಸಾಕು. ಬಿಸಿ ಕೊಟ್ರಂತೂ ಇನ್ನೂ ಲಗು ಇಳೀತದ.”

ಪ್ರಾಜಕ್ತಾ ಎದ್ದು ನಿಂತಳು. “ಹಚ್ಚಿದವರ ಕೈಗೂ ಹತ್ತಿರ್ತದಲ್ಲ?”

“ಹೌದು. ಸ್ವಲ್ಪ ಆದ್ರ ಜೀವಕ್ಕ ಅಪಾಯ ಇಲ್ಲ. ತಲಿನೋವು, ತೇಕು. ಉಗುರು ನೀಲಿ ಆಗ್ತಾವ. ಒಂದೆರಡು ದಿನಕ್ಕ ತಾನಽ ಹೋಗ್ತದ.”

*

ಮಧ್ಯಾಹ್ನ ಇಳಿದಿತ್ತು. ಧರ್ಮರಾಜ ಬನಹಟ್ಟಿಗೆ ಹೋಗಿದ್ದ. ಆದಪ್ಪನ ಮಗ ವೈಭವ ಅಂಗಡಿಯಲ್ಲಿದ್ದ. ಕಮಲಾಬಾಯಿ ಪಡಸಾಲೆಯಲ್ಲಿ ಒಬ್ಬರೇ ಜೋಳ ಹಸನು ಮಾಡುತ್ತ ಕುಳಿತಿದ್ದರು. ಜಕ್ಕಪ್ಪನನ್ನು ತಲೆಬಾಗಿಲಲ್ಲಿ ನಿಲ್ಲಿಸಿ ಪ್ರಾಜಕ್ತಾ ಅವರೆದುರು ನೆಲದ ಮೇಲೆಯೇ ಕುಳಿತಳು.

“ನನ್ನ ಪ್ರಶ್ನೆ ಬಾಕಿ ಅದ್ರಿ ಬಾಯಾರ.”

“ಬಿಡತಿದ್ರು.” ಮೊರದಿಂದ ಕಣ್ಣು ಎತ್ತಲಿಲ್ಲ. “ನಾ ಈ ಮನಿಗೆ ಬಂದಾಗಿಂದ ಒಂದು ಐತವಾರ ತಪ್ಪಿಲ್ಲ.”

“ಅವತ್ತು ಸಂಜಿ?”

“ಅವತ್ತೂ. ಬ್ಯಾಳಿ ಮಾಡಿದಾಕಿ ನಾ. ಉಪ್ಪು ಹಾಕಿರಲಿಲ್ಲ. ನಾಕು ತುತ್ತು ಉಂಡು, ತಲಿ ಸಿಡಿಯಾಕತ್ತೈತಿ ಅಂತ ಎದ್ರು.”

“ಮತ್ತ ಇಷ್ಟು ದಿನ ಹೇಳಲಿಲ್ಲ!”

“ಅನಸವ್ವ ಉಪ್ಪು ತಂದಿದ್ಲೇನು ಅಂದ್ರಿ, ಹೌದು ಅಂದೆ. ಈ ಡಬ್ಬಿ ನಿಮ್ಮದೇನು ಅಂದ್ರಿ, ಹೌದು ಅಂದೆ. ಸುಳ್ಳು ನಾ ಆಡಿಲ್ಲ.”

“ಖರೇನೂ ಆಡಲಿಲ್ಲ. ಆ ಹೆಣ್ಣಮಗಳು ಜೇಲಿನಾಗ ಕುಂತಾಳ.”

“ಆಕಿ ಸಲುವಾಗಿನಽ ಬಾಯಿ ಮುಚ್ಚಿಕೊಂಡೆ!”

ಮೊರ ಪಕ್ಕಕ್ಕೆ ಬಿತ್ತು. ಜೋಳ ನೆಲದ ತುಂಬ ಚೆಲ್ಲಿತು. ಕಮಲಾಬಾಯಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಷ್ಟು ದೊಡ್ಡ ದನಿ ತಮ್ಮದೇ ಎಂದು ಅವರಿಗೇ ನಂಬಿಕೆ ಬಂದಂತಿರಲಿಲ್ಲ.

ಪ್ರಾಜಕ್ತಾ ಬಿದ್ದ ಮೊರವನ್ನು ಎತ್ತಿ ನೆಟ್ಟಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

“ಅವತ್ತು ರಾತ್ರಿ ನಿಮ್ಮ ಉಗುರು ಯಾವ ಬಣ್ಣ ಆಗಿದ್ವು?”

ಕಮಲಾಬಾಯಿಯ ಎರಡೂ ಕೈ ಸೆರಗಿನೊಳಗೆ ಹೋದವು.

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಕೇಳಾಕತ್ತೇನಿ.”

“ನೀಲಿ. ನೇರಳಿಹಣ್ಣು ತಿಂದವರ ತುಟ್ಯಾಗಿನ ಬಣ್ಣ.” ಕೈ ಹೊರಗೆ ಬಂದವು. ಈಗ ಆ ಉಗುರುಗಳಲ್ಲಿ ಏನೂ ಇರಲಿಲ್ಲ, ವಯಸ್ಸಿನ ಗೆರೆ ಬಿಟ್ಟರೆ. “ಗಂಡ ಸತ್ತ ಸಂಕಟಕ್ಕ ಹಿಂಗಾಗೇತಿ ಅನಕೊಂಡೆ. ಮರುದಿನ ಅವರ ಮಾರಿ ಮ್ಯಾಲೂ ಅದಽ ಬಣ್ಣ ನೋಡಿ ತಿಳೀತು. ಇಬ್ಬರಿಗೂ ಒಂದಽ ಹತ್ತೇತಿ. ನಾ ಅವತ್ತು ಉಂಡಽ ಇರಲಿಲ್ಲ.”

“ಏನು ಹಚ್ಚಿದ್ರಿ ಅವರಿಗೆ?”

“ಮೊಣಕಾಲ ನೋವಿನ ಎಣ್ಣಿ. ಕರ್ಪೂರದ ವಾಸನಿ ಭಾಳ ಇತ್ತು. ಅದರ ಕೆಳಗ ಮತ್ತೊಂದು ಕೆಟ್ಟ ವಾಸನಿ. ‘ಹಚ್ಚಬೇ, ಇನ್ನಷ್ಟು ಹಚ್ಚು’ ಅಂದ್ರು. ಎರಡೂ ಕಾಲಿಗೆ ತಿಕ್ಕಿ, ಅರಿವಿ ಸುತ್ತಿ, ಕೆಂಡದ ಶಾಖ ಕೊಟ್ಟೆ.” ಅವರು ಎರಡೂ ಅಂಗೈ ಮುಂದೆ ಚಾಚಿದರು. “ನನ್ನ ಕೈಯಾರೆ ಕೊಟ್ಟೆ, ತಂಗಿ.”

ಇಷ್ಟು ದಿನ ‘ಮೇಡಮ್ಮಾರ’ ಆಗಿದ್ದವಳು ತಂಗಿಯಾಗಿದ್ದಳು. ಪ್ರಾಜಕ್ತಾ ಅದನ್ನು ಗಮನಿಸದಂತೆ ಕುಳಿತಳು.

“ಬಾಟ್ಲಿ ಎಲ್ಲಿ?”

“ಗ್ವಾಡಿ ಮಾಡದಾಗ ಇಟ್ಟಿದ್ದೆ. ಮರುದಿನ ಇರಲಿಲ್ಲ. ಕಾಲಿಗೆ ಸುತ್ತಿದ ಅರಿವಿ ಅಷ್ಟಽ ಉಳೀತು. ಡಬ್ಬಿಯಾಗ ಹಾಕಿ ಮುಚ್ಚಿಟ್ಟೇನಿ.”

“ಅದನ್ನ ನಾ ಒಯ್ಯಬೇಕು. ಬಾಟ್ಲಿ ತಂದುಕೊಟ್ಟವರು ಯಾರು?”

ಕಮಲಾಬಾಯಿ ಚೆಲ್ಲಿದ ಜೋಳವನ್ನು ಮೊರಕ್ಕೆ ಬಳಿಯತೊಡಗಿದರು.

“ಅನಸವ್ವ,” ಎಂದರು ಕಮಲಾಬಾಯಿ. “ಬಣ್ಣದ ಮನಿಯಿಂದ ತಂದ್ಲು, ಆಕಿ ಕೈಗೆ ಯಾರು ಕೊಟ್ರೋ ಗೊತ್ತಿಲ್ಲ.”

ಪ್ರಾಜಕ್ತಾಳಿಗೆ ಈಗ ಎಲ್ಲ ಕಂಡಿತು. ಮುದುಕಿಯ ಮೌನಕ್ಕೆ ಒಂದು ಲೆಕ್ಕವಿತ್ತು.

“ಉಪ್ಪು ಅಂದ್ರ ಕೈತಪ್ಪು,” ಎಂದರು ಕಮಲಾಬಾಯಿ. “ಒಂದೆರಡು ವರ್ಷದಾಗ ಹೊರಗ ಬರತಾಳ ಅಂತ ವಕೀಲರು ಹೇಳಿದ್ರು. ಎಣ್ಣಿ ಅಂದ್ರ ಕೈತಪ್ಪಲ್ಲ. ಕೊಲಿ. ಬಾಟ್ಲಿ ಮಾತು ಹೇಳಿದ್ರ ನೀವು ಆಕಿನ್ನ ಜೀವಮಾನ ಒಳಗ ಹಾಕತಿದ್ರಿ. ಅನಸವ್ವ ಅಂಥಾಕಿ ಅಲ್ಲಂತ ನನಗ ಗೊತ್ತೈತಿ. ನಿಮಗ ಹೆಂಗ ಗೊತ್ತಾಗಬೇಕು?”

“ಹಂಗಾರ ಇನ್ನೊಂದು ಮಾತು ಹೇಳ್ರಿ. ಆಕಿ ತಂದ ಉಪ್ಪನ್ನ ಡಬ್ಬಿಗೆ ಯಾರು ಹಾಕಿದ್ರು?”

“ಯಾರೂ ಹಾಕಿರಲಿಲ್ಲ. ಐತವಾರ ನಾ ಉಪ್ಪು ಮುಟ್ಟೂದಿಲ್ಲ. ಆಕಿ ಹೊಸ್ತಿಲ ಹೊರಗ ನಿಂತು ಬಟ್ಟಲ ಕೊಟ್ಲು, ಸೊಸಿ ಒಯ್ದು ಒಲಿ ಕಟ್ಟಿ ಮ್ಯಾಲೆ ಇಟ್ಲು. ಡಬ್ಬಿ ಬರಿದ ಇತ್ತು. ಅದರಾಗ ಚಿಟಿಕಿ ಉಪ್ಪೂ ಇರಲಿಲ್ಲ.”

ಪ್ರಾಜಕ್ತಾ ಮುಂದೆ ಬಾಗಿದಳು. “ಖರೇ?”

“ಕಣ್ಣಾರೆ ನೋಡೇನಿ. ಅವರನ್ನ ದವಾಖಾನಿಗೆ ಒಯ್ದ ಕೂಡಲೇ ನಾನಽ ಅಡಗಿಮನಿ ಕೀಲಿ ಹಾಕಿದೆ. ಆಮ್ಯಾಲೆ ಸೂತಕ. ಒಲಿ ಹಚ್ಚಲಿಲ್ಲ, ಬೀಗರ ಮನಿಯಿಂದ ಬುತ್ತಿ ಬರತಿತ್ತು. ನೀವು ಬಂದು ತಗೀರಿ ಅಂದಾಗಽ ಕೀಲಿ ತಗದಿದ್ದು.”

“ನಾ ತಗದಾಗ ಡಬ್ಬಿ ಅರ್ಧ ತುಂಬಿತ್ತು. ಬಟ್ಟಲಾ ತೊಳದು ಬೋರಲ ಹಾಕಿತ್ತು.”

ಕಮಲಾಬಾಯಿ ನೆಲದ ಮೇಲಿನ ಜೋಳವನ್ನು ನೋಡುತ್ತ ಕುಳಿತರು. ಕೈ ಸೊಂಟದ ಕೀಲಿಯ ಮೇಲೆ ಹೋಯಿತು.

“ಅನಸವ್ವ ಯಾವಾಗರೆ ಅಡಗಿಮನಿ ಒಳಗ ಬಂದಾಳೇನು?”

“ಎಂದೂ ಇಲ್ಲ. ಬಣ್ಣದ ಮನಿ ಅರಿವಿ ಮೈಮ್ಯಾಲಿರತಾವು. ಜಳಕ ಮಾಡದವರು ಆ ಹೊಸ್ತಿಲ ದಾಟೂದಿಲ್ಲ. ನನ್ನ ಮೈದುನಾನೂ ದಾಟೂದಿಲ್ಲ.”

“ತಿಳಕೋರಿ ಬಾಯಾರ. ನೈಟ್ರೈಟ್ ಯಜಮಾನರನ್ನ ಕೊಲ್ಲಲಿಲ್ಲ. ಸತ್ತ ಮ್ಯಾಲೆ ಬಂದು ಡಬ್ಬಿಯಾಗ ಕುಂತದ. ಎಣ್ಣಿ ಮಾತು ಏಳಬಾರದಂತ ಯಾರೋ ಉಪ್ಪಿನ ಮಾತು ಎಬ್ಬಿಸ್ಯಾರ. ಕೀಲಿ ಹಾಕಿದ ಮನಿಯೊಳಗ ಅನಸವ್ವ ಹ್ಯಾಂಗ ಹೊಕ್ಕಾಳು? ನಿಮ್ಮ ಮಾತು ಕೋರ್ಟಿಗೆ ಮುಟ್ಟಿದ್ರ ಆಕಿನ್ನ ಸಿಗಸೂದಲ್ಲ, ಬಿಡಸ್ತದ.”

“ಬಿಡಸತೈತೇನು?”

“ಆದ್ರ ಕೀಲಿ ಯಾರ ಕೈಯಾಗ ಇತ್ತು ಅಂತ ಹೇಳಬೇಕಾಗ್ತದ.”

ಕಮಲಾಬಾಯಿ ಎದ್ದರು. ಗೋಡೆ ಹಿಡಿದು ಒಂದೆರಡು ಸಲ ಆಚೀಚೆ ನಡೆದರು. ಒಳಕೋಣೆಯಲ್ಲಿ ಸೊಸೆ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಅವರು ದನಿ ತಗ್ಗಿಸಿದರು.

“ನನ್ನ ಸೊಂಟದಾಗ ಇತ್ತು. ಒಂದಽ ಸಲ ಕೊಟ್ಟೇನಿ. ಹಾಲು ಒಳಗ ಉಳದೈತಿ, ಕೊಡು ಅಂತ ಕೇಳಿದ. ತಿರುಗಿ ಕೊಟ್ಟಾಗ ಆತನ ಕೈ ಒದ್ದಿ ಇದ್ವು. ಹಾಲಿನ ಪಾತ್ರಿ ಕೈಯಾಗ ಇರಲಿಲ್ಲ.”

“ಯಾರು?”

“ನನ್ನ ಮಗ. ವೈಭವ.”

*

ಪೆಟ್ಟಿಗೆಯ ತಳದಿಂದ ಕಮಲಾಬಾಯಿ ತೆಗೆದ ಲಕೋಟೆಯ ಅಂಚು ಮುದುಡಿತ್ತು. ಮೇಲೆ ಗುಂಡನೆಯ ಅಕ್ಷರದಲ್ಲಿ ಜಮಖಂಡಿ ನ್ಯಾಯಾಧೀಶರ ವಿಳಾಸ. ಅನಸವ್ವನನ್ನು ಹಿಡಿದುಕೊಂಡು ಹೋದ ವಾರವೇ ಬರೆದದ್ದಂತೆ. ಐತವಾರದ ಮಾತು, ಎಣ್ಣೆಯ ಮಾತು, ನೀಲಿ ಉಗುರಿನ ಮಾತು. ಪೋಸ್ಟಿನವರೆಗೂ ಹೋಗಿ, ಅನಸವ್ವನ ಮುಖ ನೆನಪಾಗಿ, ತಿರುಗಿ ತಂದಿಟ್ಟಿದ್ದರು.

“ನನ್ನ ಕೈಗೆ ಕೊಡ್ರಿ, ನಾ ಮುಟ್ಟಸ್ತೇನಿ,” ಎಂದಳು ಪ್ರಾಜಕ್ತಾ.

“ಬ್ಯಾಡ. ಪೊಲೀಸರು ಮುದುಕಿ ಕಡೆಯಿಂದ ಬರಿಸಿಕೊಂಡ್ರು ಅಂತಾರ ನಾಳೆ. ನನ್ನ ಕಾಲಿಂದ ನಾ ಹೋಗಿ ಹಾಕತೇನಿ.”

ಲಕೋಟೆ ಬಿಚ್ಚಿ, ಪೆನ್ನು ತೆಗೆದುಕೊಂಡು, ಕೊನೆಗೆ ಇನ್ನಷ್ಟು ಬರೆದರು. ಬರಿದಾದ ಡಬ್ಬಿ, ಕೀಲಿ, ಒದ್ದೆ ಕೈ. ಮಗನ ಹೆಸರು ಬರೆಯುವಾಗ ಪೆನ್ನು ಸ್ವಲ್ಪ ನಿಂತಿತು. ಪ್ರಾಜಕ್ತಾ ಬೇರೆ ಕಡೆ ನೋಡಿದಳು. ಹೆತ್ತವಳಿಗೆ ಇಂಥ ಹೊತ್ತಿನಲ್ಲಿ ಯಾರೂ ಸಮಾಧಾನ ಹೇಳಬಾರದು. ಹೇಳಿದರೆ ಅದು ಅವಸರ ಮಾಡಿದಂತೆ.

ರಬಕವಿ ಪೋಸ್ಟಿನಲ್ಲಿ ಗದ್ದಲವಿರಲಿಲ್ಲ. ಕೌಂಟರಿನ ದುರಗೇಶ ಲಕೋಟೆ ತೂಗಿ, ವಿಳಾಸ ಓದಿ, ಒಮ್ಮೆ ಮುದುಕಿಯನ್ನೂ ಒಮ್ಮೆ ಖಾಕಿಯನ್ನೂ ನೋಡಿದ.

“ಸ್ಪೀಡ್ ಪೋಸ್ಟ್ ಮಾಡಲ್ರಿ ಅಮ್ಮಾರ? ಚೀಲ ಕಟ್ಟಾಕತ್ತೇವಿ. ನಾಳೆ ಮುಟ್ಟತೈತಿ.”

“ಮಾಡಪಾ.”

ಹೊರಗೆ ಮೋಟರ್ ಸೈಕಲ್ ನಿಂತ ಸದ್ದು. ವೈಭವ ಮೆಟ್ಟಿಲು ಹಾರಿಕೊಂಡೇ ಬಂದ. ಬಾಗಿಲಲ್ಲಿದ್ದ ಜಕ್ಕಪ್ಪ ಅಡ್ಡ ಬಂದರೂ ಕೇಳಲಿಲ್ಲ.

“ಅವ್ವಾ! ಭಾಗ್ಯಾ ಫೋನ್ ಮಾಡಿದ್ಲು. ಏನ ಕಳಸಾಕತ್ತಿ?”

“ಕೋರ್ಟಿಗೆ ಪತ್ರ.”

“ಏನಂತ ಬರದಿ?”

“ಎಣ್ಣಿ ಹಚ್ಚಿದಾಕಿ ನಾ ಅಂತ.” ಕಮಲಾಬಾಯಿ ಮಗನ ಮುಖ ನೋಡಲಿಲ್ಲ. “ಅಡಗಿಮನಿ ಕೀಲಿ ಒಯ್ದಾಂವ ನೀ ಅಂತ.”

ವೈಭವನ ಕೈ ಕೌಂಟರಿನ ಜಾಲಿಯ ಕಡೆಗೆ ಹೋಯಿತು. ಪ್ರಾಜಕ್ತಾ ಅವನ ಮಣಿಕಟ್ಟು ಹಿಡಿದಳು.

“ಡಬ್ಬಿಯಾಗ ನೈಟ್ರೈಟ್ ಸುರುವಿದಾಂವ ನೀನೇನು?”

“ಹೌದ್ರಿ.” ಅವನು ಅಲ್ಲಗಳೆಯಲೇ ಇಲ್ಲ. “ಬಣ್ಣದ ಮನಿಯಿಂದ ತಂದು ನಾನಽ ಹಾಕಿದೆ. ಆಕಿ ತಂದ ಉಪ್ಪು ಚೆಲ್ಲಿ ಬಟ್ಟಲಾ ತೊಳದೆ. ಬಾಟ್ಲಿ ಒಯ್ದು ಹೊಳಿಗೆ ಒಗದೆ.”

ಕಮಲಾಬಾಯಿ ಕೌಂಟರಿನ ಅಂಚು ಹಿಡಿದುಕೊಂಡರು.

“ಯಾಕ?” ಎಂದಳು ಪ್ರಾಜಕ್ತಾ.

“ಅಪ್ಪ ಹೇಳಿದ್ರು.”

“ಯಾವ ಅಪ್ಪ?” ಕಮಲಾಬಾಯಿ ಈಗ ತಿರುಗಿದರು. “ಏನ ಮಾತಾಡತಿ?”

“ಜಮಖಂಡಿಗೆ ಒಯ್ಯೂವಾಗ ಗಾಡಿಯಾಗ ಖಬರ ಇತ್ತಬೇ ಅವರಿಗೆ. ನನ್ನ ತೊಡಿ ಮ್ಯಾಲೆ ತಲಿ ಇಟ್ಟಿದ್ರು. ತಮ್ಮ ಉಗುರು ನೋಡಿಕೊಂಡ್ರು. ‘ಕರೇ ಬಣ್ಣದ ದಿನದಾಗ ಆಳುಗಳಿಗೆ ಹಿಂಗ ಆಗತಿತ್ತು, ಇದು ಎಣ್ಣಿಯಿಂದ’ ಅಂದ್ರು. ‘ಹಚ್ಚಿದ್ದು ನಿಮ್ಮವ್ವ. ಆಕಿ ಮ್ಯಾಲೆ ಬರತೈತಿ, ಬಾಟ್ಲಿ ಇಡಬ್ಯಾಡ. ಉಪ್ಪಿನ ಡಬ್ಬಿಯಾಗ ನೈಟ್ರೈಟ್ ಹಾಕು. ಅರಿಯದ ಆಗಿದ್ದು ಅಂತಾರ, ಯಾರಿಗೂ ಏನೂ ಮಾಡೂದಿಲ್ಲ’ ಅಂದ್ರು. ನಿನ್ನ ಉಳಸಾಕ ಅವ್ವಾ. ಉಸಿರು ಸಿಗಲಾರದಾಗ ಅದೊಂದಽ ಮಾತು ಹೇಳಿದ್ರು. ಅನಸವ್ವನ್ನ ಒಯ್ತಾರ ಅಂತ ಅವರಿಗೇನು ಗೊತ್ತಿತ್ತು? ನನಗರೆ ಏನು ಗೊತ್ತಿತ್ತು?”

ಪ್ರಾಜಕ್ತಾಳ ಹಿಡಿತ ಸಡಿಲವಾಯಿತು. ಡಬ್ಬಿಯನ್ನು ತುಂಬಿಸಿದ್ದು ಕೊಂದವನಲ್ಲ, ಸತ್ತವನು. ಹಾಗಾದರೆ ಎಣ್ಣೆಗೆ ಅನಿಲಿನ್ ಬೆರೆಸಿದವರು ಯಾರು ಎಂಬುದಕ್ಕೆ ಈ ಕೀಲಿ ಏನೂ ಹೇಳುತ್ತಿರಲಿಲ್ಲ. ಅನಸವ್ವನನ್ನು ಹೊರಗೆ ತರುತ್ತದೆ ಎಂದು ಅವಳೇ ಮಾತು ಕೊಟ್ಟಿದ್ದ ಪತ್ರ ಈಗ ತಾಯಿಯ ಕೈ, ಮಗನ ಕೈ, ಬಾಟ್ಲಿ ಕೊಟ್ಟ ಅನಸವ್ವನ ಕೈ, ಮೂರನ್ನೂ ಒಟ್ಟಿಗೆ ಕೋರ್ಟಿನ ಮುಂದೆ ಹಿಡಿಯಲಿತ್ತು. ಬೆರೆಸಿದ ಕೈಯೊಂದನ್ನು ಬಿಟ್ಟು.

“ದುರಗೇಶಾ,” ವೈಭವ ಜಾಲಿಗೆ ಮುಖ ತಂದ. “ಅದನ್ನ ತಿರುಗಿ ಕೊಡೋ. ನಿನ್ನ ಕಾಲ ಬೀಳತೇನಿ.”

ದುರಗೇಶನ ಕೈಯಲ್ಲಿ ಲಕೋಟೆ ಇನ್ನೂ ಇತ್ತು. ಪಕ್ಕದಲ್ಲಿ ಚೀಲದ ಬಾಯಿ ತೆರೆದಿತ್ತು. ಅವನು ಕಮಲಾಬಾಯಿಯನ್ನು ನೋಡಿದ.

“ಹಾಕಿದವರು ಕೇಳಿದ್ರ ಕೊಡಬಹುದ್ರಿ, ಅಮ್ಮಾರ. ಇನ್ನೂ ಚೀಲಕ್ಕ ಹೋಗಿಲ್ಲ. ಏನ ಮಾಡಲಿ?”

ಪ್ರಾಜಕ್ತಾ ಏನೋ ಹೇಳಲು ಹೋದಳು. ಕಮಲಾಬಾಯಿ ಕೈ ಎತ್ತಿ ತಡೆದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಮಾತಿನಲ್ಲಿ ಇರಲಿಲ್ಲ.

“ಅವರು ನನ್ನ ಉಳಸಾಕ ನೋಡಿದ್ರು. ನಾ ಅನಸವ್ವನ್ನ ಉಳಸಾಕ ನೋಡಿದೆ. ನೀ ಅವರ ಮಾತು ಉಳಸಿದಿ. ಎಲ್ಲಾರೂ ಉಳಸಿದ್ವಿ, ವೈಭವ. ಒಳಗ ಕುಂತಾಕಿ ಆಕಿ ಒಬ್ಬಾಕಿ.”

ಮಗನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. ಆಮೇಲೆ ದುರಗೇಶನ ಕಡೆಗೆ ತಿರುಗಿದರು.

“ಹಾಕಪಾ.”

ಲಕೋಟೆ ಚೀಲದೊಳಗೆ ಬಿತ್ತು. ದುರಗೇಶ ಬಾಯಿ ಕಟ್ಟಿ ಅರಗು ಒತ್ತಿದ.